ಅಳತೆ ರವಿಕೆ

ಹೊಲಿಗೆ ಕೋಣೆಯ ಬಾಗಿಲು ದೂಡಿದ ಮಂಗಳಗೌರಿ ಕೈಯಲ್ಲಿದ್ದ ಬ್ಯಾಗನ್ನು ಇಳಿಸುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತುಬಿಟ್ಟಳು. ಉಮ್ಮತ್ತೂರಿನಲ್ಲಿ ಅಣ್ಣನ ಮೊಮ್ಮಗುವಿನ ನಾಮಕರಣ ಮುಗಿಸಿ, ಚಾಮರಾಜನಗರದಲ್ಲಿ ಬಸ್ಸು ಬದಲಿಸಿ, ಗುಂಡ್ಲುಪೇಟೆಯವರೆಗೂ ಯಾರದೋ ಎಲೆಕೋಸಿನ ಮೂಟೆಯ ಮೇಲೆ ಕಾಲಿಟ್ಟುಕೊಂಡು ಬಂದವಳಿಗೆ, ತಪ್ಪಿ ಬೇರೆಯವರ ಮನೆಗೆ ನುಗ್ಗಿದೆನೇನೋ ಅನ್ನಿಸಿತು. ಗೋಡೆಗೆ ತಿಳಿಹಸಿರು ಬಣ್ಣ ಬಂದಿತ್ತು. ಅದರ ಮೇಲೊಂದು ಪ್ಲೈವುಡ್ ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗೊಂದರಂತೆ ಕತ್ತರಿ, ಟೇಪು, ಸ್ಕೇಲು. ಕತ್ತರಿಯ ಸುತ್ತ ಸ್ಕೆಚ್ ಪೆನ್ನಿನಲ್ಲಿ ಕತ್ತರಿಯದೇ ಆಕಾರ ಬರೆದಿತ್ತು. ಪಾಪ, ಅದು ತನ್ನ ಜಾಗ ಮರೆತು ಊರೂರು ಅಲೆದೀತು ಅನ್ನುವ ಹಾಗೆ. ಹೊಲಿಗೆ ಮಿಷನ್ನಿನ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡವೊಂದು ಕೂತಿತ್ತು.

"ಹೆಂಗದೆ?" ಎಂದ, ಹಿಂದೆಯೇ ಬಂದು ನಿಂತ ಗಂಡ ನಾಗೇಂದ್ರ. ಕೈಯಲ್ಲಿನ್ನೂ ಗೋಂದಿನ ಬಾಟಲಿ ಇತ್ತು.

"ಮಿಷನ್ ಮ್ಯಾಲೆ ಹೂವ ಯಾಕ್ ಮಡ್ಗಿದ್ದೀರಿ? ಅದೇನ್ ಸಮಾದಿನಾ?"

"ಸ್ಫೂರ್ತಿಗೆ ಕಣೆ. ಕೆಲ್ಸ ಮಾಡೋ ಜಾಗ ಅಚ್ಚುಕಟ್ಟಾಗಿದ್ರೆ ಕ್ರಿಯೇಟಿವಿಟಿ ತಾನಾಗೇ ಬತ್ತದಂತೆ. ವಿಡಿಯೋದಲ್ಲಿ ಒಬ್ಬಳು ಎಷ್ಟು ಚೆಂದಾಗಿ ತೋರ್ಸವ್ಳೆ ಗೊತ್ತಾ? ಅವಳ ಕೋಣೆಲಿ ದಾರಕ್ಕೇ ಒಂದು ಗೋಡೆ ಅದೆ."

"ಅವಳೇನ್ ಹೊಲ್ದವ್ಳೆ?"

ನಾಗೇಂದ್ರ ಯೋಚಿಸಿದ. "ಹೊಲ್ದಿದ್ ತೋರ್ಸಿಲ್ಲ. ಕೋಣೆ ತೋರ್ಸವ್ಳೆ."

ಮಂಗಳಗೌರಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈ ಮನುಷ್ಯ ಕಚೇರಿಯಲ್ಲಿ ಗುಮಾಸ್ತನಾಗಿ ಒಂದು ಮೇಜಿನ ಅರ್ಜಿಯನ್ನು ಇನ್ನೊಂದು ಮೇಜಿಗೆ ದಾಟಿಸಿ ದಾಟಿಸಿಯೇ ತಲೆ ಬೋಳು ಮಾಡಿಕೊಂಡವನು. ಅಂಗಿಯ ಗುಂಡಿ ಕಿತ್ತುಬಂದರೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೆಂಡತಿ ಬರುವವರೆಗೂ ಕಾಯುತ್ತಿದ್ದವನು. ಬೇಸಿಗೆಯಲ್ಲಿ ರಿಟೈರಾದದ್ದೇ ತಡ, ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ, ಹಾಗಾಯಿತು ಇವನ ಕಥೆ. ಮೊದಲು ಅಡುಗೆಮನೆಗೆ ನುಗ್ಗಿದ. ಡಬ್ಬಗಳಿಗೆಲ್ಲ ಚೀಟಿ ಅಂಟಿಸಿ ಸಕ್ಕರೆ ಡಬ್ಬದ ಮೇಲೆ 'ಉಪ್ಪು' ಎಂದು ಬರೆದ. ಉಪ್ಪಿನ ಕಾಫಿ ಕುಡಿದು ಅವಳು ಕೂಗಾಡಿದ್ದಕ್ಕೆ, "ಚೀಟಿ ಸರಿಯಾಗೇ ಅದೆ, ಒಳಗಿರೋದನ್ನ ಬದ್ಲಾಯ್ಸಿಕೋ" ಅಂದ ಪುಣ್ಯಾತ್ಮ. ಆಗಲೇ ಕೋಣೆಗೊಂದು ಬೀಗ ಜಡಿದು ಹೋಗಬೇಕಿತ್ತು. ಯಾರ ಮನೆಯಲ್ಲಿ ಹೆಂಡತಿ ಗಂಡನಿಗೆ ಹೆದರಿ ಬೀಗ ಹಾಕುತ್ತಾಳೆ ಅಂದುಕೊಂಡು ಸುಮ್ಮನಾಗಿದ್ದಳು.

ಕಪಾಟಿನ ತುಂಬ ಈಗ ಪ್ಲಾಸ್ಟಿಕ್ ಡಬ್ಬಗಳು, ಕೇರಳದವನ ಅಂಗಡಿಯಿಂದ ಹೊತ್ತು ತಂದವು. ಒಂದೊಂದರ ಮೇಲೂ ಗುಂಡು ಗುಂಡಾದ ಕಚೇರಿ ಅಕ್ಷರ: 'ದಾರ, ಕೆಂಪು ಬಗೆ', 'ಗುಂಡಿ, ದೊಡ್ಡವು', 'ಇತರೆ'. ಅದನ್ನೆಲ್ಲ ನೋಡುತ್ತ ಬಂದ ಅವಳ ಕಣ್ಣು ಕೆಳಗಿನ ಹಲಗೆಗೆ ಬಂದು ನಿಂತಿತು. ಅಲ್ಲಿ ಇರಬೇಕಾದ್ದು ಇರಲಿಲ್ಲ.

"ಗಂಟುಗಳೆಲ್ರೀ?"

"ಯಾವ ಗಂಟು?"

"ಹಬ್ಬದ ಬಟ್ಟೆ ಗಂಟು! ಇಲ್ಲಿ ಪೇರ್ಸಿದ್ನಲ್ಲ!"

"ಓ, ಅವಾ? ಬಿಚ್ಚಿ ಜೋಡ್ಸಿವ್ನಿ. ಎಂಥ ಅಧ್ವಾನವಾಗಿ ಕಟ್ಟಿ ಮಡ್ಗಿದ್ದೆ ಮಾರಾಯ್ತಿ! ಹೊಸ ಬಟ್ಟೆ ಒಳಗೇ ಹಳೇ ಬೆವರು ನಾತದ ರವಿಕೆ ಸೇರ್ಸಿದ್ದೆ. ಎಲ್ಲಾ ಬೇರ್ಪಡಿಸ್ಬುಟ್ಟೆ. ಹೊಸಾವು ಕಾಮನಬಿಲ್ಲಿನ ಲೆಕ್ಕದಲ್ಲಿ ಆ ಕಡೆ, ಹಳೇವೆಲ್ಲಾ ಒಗ್ಸಿ ಈ ಡಬ್ಬದಲ್ಲಿ."

ಮಂಗಳಗೌರಿ ಆ ಡಬ್ಬವನ್ನು ಎಳೆದುಕೊಂಡು ನೆಲಕ್ಕೆ ಕೂತಳು.

ಗುಂಡ್ಲುಪೇಟೆಯ ಹೆಂಗಸರು ಮೈಗೆ ಟೇಪು ಹಿಡಿಸಿಕೊಳ್ಳುವವರಲ್ಲ. ರವಿಕೆ ಹೊಲಿಯಲು ಕೊಡುವಾಗ ತಮಗೆ ಸರಿಯಾಗಿ ಕೂರುವ ಹಳೆಯದೊಂದು ರವಿಕೆಯನ್ನು ಅಳತೆಗೆಂದು ಜೊತೆಗಿಡುತ್ತಾರೆ. ಸರಿಯಾಗಿ ಕೂರುವುದೆಂದರೆ ಹಾಕಿ ಹಾಕಿ ಸವೆದದ್ದೇ. ಮಂಗಳಗೌರಿ ಹೊಸ ಬಟ್ಟೆ, ಲೈನಿಂಗು, ಅಳತೆ ರವಿಕೆ ಮೂರನ್ನೂ ಸೇರಿಸಿ ಗಂಟು ಕಟ್ಟುತ್ತಿದ್ದಳು. ಹೆಸರಿಲ್ಲ, ಚೀಟಿಯಿಲ್ಲ. ಗಂಟೇ ಹೆಸರು. ಆ ಗಂಟನ್ನು ಇವನು ಬಿಚ್ಚಿದ್ದ. ಬಿಚ್ಚಿದ್ದು ಸಾಲದೆಂದು ಒಗೆಸಿಯೂ ಇದ್ದ. ಗೌರಿ ಹಬ್ಬಕ್ಕೆ ಇನ್ನೊಂದೇ ವಾರವಿತ್ತು.

"ನೀನೇ ಹೊಲ್ದಿದ್ದಲ್ವಾ? ನೋಡಿದ್ರೆ ಗೊತ್ತಾಗಕಿಲ್ವಾ?" ಎಂದ ನಾಗೇಂದ್ರ. ದನಿ ಸಣ್ಣಗಾಗಿತ್ತು.

ಹೊಲಿದವಳಿಗೆ ಹೊಲಿದದ್ದೆಲ್ಲ ನೆನಪಿರುತ್ತದೆ ಅನ್ನುವುದು ಹೊಲಿಯದವರ ಮಾತು. ಡಬ್ಬದೊಳಗೆ ಕೈಹಾಕಿದಳು. ಬಣ್ಣ ಬಿಟ್ಟ, ಕುತ್ತಿಗೆ ಹಿಂಜಿದ, ಕಂಕುಳು ಹಳದಿಯಾದ ರವಿಕೆಗಳು ಒಂದರಂತೆ ಒಂದು ಕೈಗೆ ಬಂದವು. ಎಲ್ಲಕ್ಕೂ ಒಂದೇ ಸೋಪಿನ ವಾಸನೆ. ಊರಲ್ಲಿ ಅವಳಿಗಿದ್ದ ಹೆಸರು ಒಂದೇ: ಮಂಗಳಗೌರಿ ಹೊಲಿದರೆ ಮೈಮೇಲೇ ಹೊಲಿದ ಹಾಗಿರುತ್ತದೆ, ಹೇಳಿದ ದಿನಕ್ಕೆ ಕೈಗೆ ಬರುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಎರಡು ಟೈಲರ್ ಅಂಗಡಿ ಎದ್ದಿದ್ದರೂ ಗಿರಾಕಿಗಳು ಈ ಸಂದಿಗೇ ಬರುತ್ತಿದ್ದದ್ದು ಆ ಹೆಸರಿಗೆ. ಈ ಹಬ್ಬಕ್ಕೆ ಒಂದು ರವಿಕೆ ಹೆಚ್ಚುಕಮ್ಮಿಯಾದರೂ ಮುಗಿಯಿತು, ಆ ಹೆಸರು ಚರಂಡಿಗೆ.

"ನಿಮ್ ಕ್ರಿಯೇಟಿವಿಟಿಗೆ ಬೆಂಕಿ ಬೀಳ!" ಎಂದು ಎದ್ದು ಫೋನು ತೆಗೆದುಕೊಂಡಳು. "ಎಲ್ರುನೂ ಕರೀತೀನಿ. ಬಂದು ಅವರವರ ಜಾಕೀಟು ಅವರೇ ಎತ್ಕಳ್ಲಿ. ಬೇರೆ ದಾರಿಯಿಲ್ಲ."

ಭಾನುವಾರ ಮಧ್ಯಾಹ್ನ ಹೆಂಗಸರು ಬಂದರು. ನಾಗೇಂದ್ರನಿಗೆ ಮನೆ ಬಿಟ್ಟು ಹೋಗುವಷ್ಟು ಬುದ್ಧಿಯಾದರೂ ಬೇಡವೇ? ಬಾಗಿಲ ಬಳಿ ಸ್ಟೂಲು ಹಾಕಿಕೊಂಡು, "ಒಬ್ಬೊಬ್ಬರಾಗಿ ಬನ್ನಿ, ನೂಕ್ಬ್ಯಾಡಿ" ಎಂದು ಕಚೇರಿ ನಡೆಸಲು ಕೂತ. ಒಳಗೆ ಬಂದವರು ಮೊದಲು ಮಾಡಿದ್ದು ಅವಳಿಗೆ ಸಹಾಯವಲ್ಲ, ಅವನ ಹೊಗಳಿಕೆ.

"ಅಬ್ಬಬ್ಬಾ, ಏನ್ ನೀಟಾಗಿ ಮಡ್ಗವ್ರಕ್ಕಾ ನಿಮ್ಮೋರು! ನಮ್ಮನೇಲೂ ಒಬ್ರು ಅವ್ರೆ, ಹೊದ್ದ ದುಪ್ಪಟಿ ಮಡಿಸಾಕೂ ಬರಾಕಿಲ್ಲ," ಎಂದಳು ಹೂವು ಮಾರುವ ಈರಮ್ಮ. ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುವ ಪ್ರಿಯಾಂಕ ಪ್ಲೈವುಡ್ ಹಲಗೆಯ ಫೋಟೋ ತೆಗೆದುಕೊಂಡಳು. ನಾಗೇಂದ್ರ ಸ್ಟೂಲಿನ ಮೇಲೆ ಉಬ್ಬಿ ಹೋದ. ಕಾಗೆ ಕಕ್ಕ ಎಂದರೂ ರಾಗವಾಗಿದೆ ಅನ್ನುವ ಜನ ಇವರು ಎಂದುಕೊಂಡು, ಮಂಗಳಗೌರಿ ಡಬ್ಬವನ್ನು ಚಾಪೆಯ ಮೇಲೆ ದಬ್ಬಾಕಿದಳು.

"ತಗಳಿ. ಅವರವರದು ಎತ್ಕಳಿ."

ಬೇಗೂರಿನಿಂದ ಬಂದಿದ್ದ ಮೂಗಮ್ಮ ಮೊದಲು ಬಗ್ಗಿದಳು. ಅವಳಿಗೆ ವಾಪಸು ಬಸ್ಸು ಹಿಡಿಯುವ ಆತುರ. ರಾಶಿಯಲ್ಲಿ ಕೆದಕಿ, ಬೆನ್ನು ತೆಳ್ಳಗೆ ಜಾಲರಿಯಾಗಿದ್ದ ಕಂದು ರವಿಕೆಯೊಂದನ್ನು ಎಳೆದು, "ಇದು ನಂದು ಕಣವ್ವಾ, ಸಿಕ್ತು" ಎಂದಳು.

"ಅಯ್ಯೋ, ನಾನು ಒಲೆ ಒರ್ಸೋ ಬಟ್ಟೆ ಬೆರ್ತೋಗದೆ ಅನ್ಕಂಡಿದ್ದೆ!" ಎಂದಳು ಲಕ್ಷ್ಮಿದೇವಿ.

ಹೆಂಗಸರು ಗೊಳ್ಳೆಂದು ನಕ್ಕರು. ಲಕ್ಷ್ಮಿದೇವಿಯ ಗಂಡನಿಗೆ ಗೊಬ್ಬರ ಔಷಧಿಯ ಅಂಗಡಿಯಿತ್ತು. ಆ ಬೀದಿಯಲ್ಲಿ ಅವಳು ನಕ್ಕರೆ ಮಿಕ್ಕವರೂ ನಗುವುದು ವಾಡಿಕೆ. ಮೂಗಮ್ಮನೂ ನಗಲು ನೋಡಿದಳು, ಮುಖ ಕೆಂಪಾಯಿತು. ಹೊಸ ಬಟ್ಟೆಯನ್ನು ಗುರುತಿಸಿ ಗಂಟು ಕಟ್ಟಿಕೊಟ್ಟು, "ಬತ್ತೀನಿ ಕಣಕ್ಕ" ಎಂದು ಕಾಫಿಗೂ ನಿಲ್ಲದೆ ಹೊರಟುಹೋದಳು.

ಆಮೇಲೆ ಯಾರೂ ಬಗ್ಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. "ನೀವು ನೋಡಿ", "ಇಲ್ಲ, ನೀವು ನೋಡ್ಕಳಿ" ಶುರುವಾಯಿತು.

ಕೊನೆಗೆ ಲಕ್ಷ್ಮಿದೇವಿಯೇ ಮುಂದೆ ಬಂದಳು. ಅವಳ ರವಿಕೆ ಯಾವುದೆಂದು ಮಂಗಳಗೌರಿಗೆ ಗೊತ್ತಿತ್ತು. ಕೊನೆಯ ಹುಕ್ಕಿನ ಜಾಗದಲ್ಲಿ ತುಕ್ಕು ಹಿಡಿದ ಪಿನ್ನಿದ್ದ ಬೂದು ರವಿಕೆ. ಗಂಟು ಕಟ್ಟುವಾಗ ಆ ಪಿನ್ನು ಬೆರಳಿಗೆ ಚುಚ್ಚಿ ರಕ್ತ ಬಂದಿದ್ದರಿಂದ ಅದೊಂದು ನೆನಪಿನಲ್ಲಿ ಉಳಿದಿತ್ತು. ಲಕ್ಷ್ಮಿದೇವಿಯ ಕೈ ನೇರವಾಗಿ ಅದರ ಮೇಲೇ ಹೋಯಿತು. ಪಿನ್ನು ತಗುಲಿತೋ ಏನೋ, ಅರೆಗಳಿಗೆ ನಿಂತಿತು. ಆಮೇಲೆ ಅದನ್ನು ದಾಟಿ, ಜರಿ ಅಂಚಿನ ಹಸಿರು ರವಿಕೆಯೊಂದನ್ನು ಎತ್ತಿತು.

"ನಂದು ಇದು," ಎಂದಳು ಲಕ್ಷ್ಮಿದೇವಿ.

ಆ ರವಿಕೆಯ ಹುಕ್ಕು ಅವಳ ಮೈಮೇಲೆ ಕೂಡಿದರೆ ಹೆಚ್ಚು. ಪ್ರಿಯಾಂಕ ಬಾಯಿ ತೆರೆದಳು. ಹಸಿರಿನದು ಆ ಹುಡುಗಿಯದೇ ಇರಬೇಕು. ಲಕ್ಷ್ಮಿದೇವಿಯ ಮುಖ ನೋಡಿ ಮತ್ತೆ ಮುಚ್ಚಿಕೊಂಡಳು. ಅವಳೂ ಬಗ್ಗಿ, ಹರಿದಿಲ್ಲದ ಹೂವಿನ ಚಿತ್ತಾರದ್ದೊಂದನ್ನು ಎತ್ತಿಕೊಂಡಳು. ಅದರೊಳಗೆ ಅವಳಂಥವರು ಇಬ್ಬರು ಹಿಡಿಸುತ್ತಿದ್ದರು. ಹೂವಿನ ರವಿಕೆಯ ನಿಜವಾದ ಒಡತಿ ಇನ್ನೊಬ್ಬಳದನ್ನು ಎತ್ತಿದಳು, ಅವಳು ಮತ್ತೊಬ್ಬಳದನ್ನು. ಈರಮ್ಮ ಕೂಡ, ಅಷ್ಟು ಬಾಯಿ ಮಾಡುವ ಈರಮ್ಮ, ರೇಷ್ಮೆಯಂತೆ ಹೊಳೆಯುವ ನೇರಳೆಯದನ್ನು ಎದೆಗೆ ಒತ್ತಿಕೊಂಡು, "ನಮ್ಮತ್ತಿಗೆ ಕೊಟ್ಟಿದ್ದು ಕಣಕ್ಕ" ಎಂದು ಯಾರೂ ಕೇಳದ ವಿವರ ಕೊಟ್ಟಳು. ಚೆಂದದವು ಮುಗಿದ ಮೇಲೆ ಮಿಕ್ಕವರು, ತಮ್ಮದು ಇದರಲ್ಲಿಲ್ಲ, ಬೇರೊಂದು ಅಳತೆ ಕಳಿಸುತ್ತೇವೆ ಅಂದುಬಿಟ್ಟರು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಮಂಗಳಗೌರಿಗೆ ಉಗಿಯಬೇಕು ಅನ್ನಿಸಿತು. ಇವರ ಬೆನ್ನು, ಭುಜ, ಎದೆ ಎಲ್ಲ ಬಲ್ಲವಳ ಎದುರಿಗೇ ಇವರ ನಾಟಕ. ಒಂದು ಹರಿದ ಬಟ್ಟೆಯನ್ನು ನನ್ನದು ಅನ್ನಲು ಧೈರ್ಯವಿಲ್ಲದ ಮೇಲೆ ಇವರದ್ದೂ ಒಂದು ಬಾಳೇ? ಇವರಿಗಿಂತ ಆ ಮೂಗಮ್ಮ ಸಾವಿರ ಪಾಲು ಮೇಲು. ಇವೆಲ್ಲ ಸುಳ್ಳು, ಮೈ ಕೊಡಿ ಇಲ್ಲಿ, ಟೇಪು ಹಿಡಿಯುತ್ತೇನೆ ಎಂದು ಗದರಿದ್ದರೆ ಆಗುತ್ತಿತ್ತು. ಗದರಲಿಲ್ಲ. ಅನುಭವಿಸಲಿ ಎಂದುಕೊಂಡಳು.

"ನಿಮ್ದೇ ತಾನೇ? ಸರಿಯಾಗ್ ನೋಡ್ಕಂಡ್ರಾ? ಆಮೇಲೆ ನನ್ನ ಕೇಳಂಗಿಲ್ಲ," ಎಂದು ಒಬ್ಬೊಬ್ಬರಿಗೂ ಹೇಳಿ, ಒಂದೊಂದೇ ಗಂಟು ಬಿಗಿದಳು. ಹಾಗೆ ಬಿಗಿಯುವಾಗ ಒಳಗೊಳಗೇ ಎಂಥದೋ ಸುಖ.

ಚಾಪೆಯ ಮೇಲೆ ಕೊನೆಗೆ ಉಳಿದದ್ದು ಯಾರಿಗೂ ಬೇಡವಾದ ಹರಕುಗಳ ಸಣ್ಣ ಗುಡ್ಡೆ. ಅದನ್ನು ಡಬ್ಬಕ್ಕೆ ತುಂಬಲು ನಾಗೇಂದ್ರ ಸ್ಟೂಲಿನಿಂದ ಇಳಿದು ಬಂದ. ಒಂದೊಂದನ್ನೇ ಮಡಿಸಿ ಇಡುತ್ತಿದ್ದವನು ಮರೂನ್ ಬಣ್ಣದ್ದೊಂದನ್ನು ಬೆಳಕಿಗೆ ಹಿಡಿದ. ಬಲ ಕಂಕುಳಿಗೆ ಅಂಗೈಯಗಲದ ತ್ಯಾಪೆ ಹಾಕಿತ್ತು, ನೀಲಿ ಗೆರೆಯ ಷರ್ಟಿನ ಬಟ್ಟೆಯದು.

"ಅರೆ! ಗೌರಿ, ಇದು ನಿಂದಲ್ವಾ?" ಎಂದ ಖುಷಿಯಿಂದ. ಇಡೀ ಮಧ್ಯಾಹ್ನದಲ್ಲಿ ತಾನೊಬ್ಬನಾದರೂ ಒಂದನ್ನು ಸರಿಯಾಗಿ ಗುರುತಿಸಿದೆ ಅನ್ನುವ ಖುಷಿ. "ಇದು ನನ್ನ ಆಫೀಸ್ ಷರ್ಟಿನ ಬಟ್ಟೆ. ನಾನು ದಿನಾ ಹಾಕ್ತಿದ್ನಲ್ಲ, ಅದು."

ಹೆಂಗಸರೆಲ್ಲ ಅವನ ಕೈಯತ್ತ ತಿರುಗಿದರು. ರವಿಕೆ ಅವಳದೇ. ಅಣ್ಣ ಹಬ್ಬಕ್ಕೆಂದು ಮೊದಲೇ ಕಳಿಸಿದ್ದ ಸೀರೆಯ ರವಿಕೆ ಬಟ್ಟೆಗೆ ಅಳತೆಯೆಂದು, ಬೇರೆಯವರದನ್ನು ಕಟ್ಟಿದಂತೆಯೇ ತನ್ನದನ್ನೂ ಕಟ್ಟಿ ಸಾಲಿನಲ್ಲಿಟ್ಟಿದ್ದಳು. ಊರಿಗೆಲ್ಲ ಹೊಲಿಯುವವಳಿಗೆ ತನ್ನದೊಂದು ಹೊಲಿದುಕೊಳ್ಳಲು ಪುರುಸೊತ್ತೆಲ್ಲಿ? ಹರಿದಾಗೆಲ್ಲ ಕೈಗೆ ಸಿಕ್ಕಿದ್ದನ್ನು ತ್ಯಾಪೆ ಹಾಕಿ, ಸೆರಗು ಮುಚ್ಚಿಕೊಂಡು ಬದುಕಿದ್ದಳು. ಹಾಗೆಂದು ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಲಕ್ಷ್ಮಿದೇವಿ ತುಟಿಯ ತುದಿಯಲ್ಲಿ ನಗು ಸಿದ್ಧಮಾಡಿಕೊಂಡು ಕಾಯುತ್ತಿದ್ದಳು. ಪ್ರಿಯಾಂಕ ತ್ಯಾಪೆಯನ್ನೇ ನೋಡುತ್ತಿದ್ದಳು. ಟೈಲರ್ ಮಂಗಳಗೌರಿ, ಗಂಡನ ಹಳೇ ಷರ್ಟು ಕಂಕುಳಿಗೆ ಹೊಲಿದುಕೊಂಡವಳು. ಸಂಜೆಯೊಳಗೆ ಮಾತು ಹೈವೇ ದಾಟುತ್ತದೆ.

"ನಂದಲ್ಲ," ಎಂದಳು.

"ಅಲ್ಲಾ ಗೌರಿ, ಈ ಗೆರೆ..."

"ನಂದಲ್ಲ ಅಂದ್ನಲ್ಲ! ಕಿವಿ ಕೇಳಾಕಿಲ್ವಾ?"

ನಾಗೇಂದ್ರ ಅವಳ ಮುಖ ನೋಡಿದ. ಆಮೇಲೆ ಸುತ್ತ ನಿಂತವರ ಮುಖಗಳನ್ನು, ಅವರ ಮುಂದಿದ್ದ ಗಂಟುಗಳನ್ನು ನೋಡಿದ. ಅವನಿಗೆ ಏನೋ ಅರ್ಥವಾದಂತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅರ್ಥವಾಗಬೇಕಾದಾಗ ಒಮ್ಮೆಯೂ ಅರ್ಥವಾಗದವನಿಗೆ ಇವತ್ತೇ ಅರ್ಥವಾಗಬೇಕೇ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಹೌದೌದು, ನಿಂದಲ್ಲ. ನನ್ನ ಕನ್ನಡಕ ಬದಲಾಯಿಸ್ಬೇಕು," ಎಂದ ಹೆಂಗಸರ ಕಡೆ ತಿರುಗಿ. "ಆ ಷರ್ಟು ಸಂತೇಲಿ ತಂದಿದ್ದು. ಅಂಥಾವು ಊರಲ್ಲಿ ಎಷ್ಟು ಜನ ಹಾಕ್ಕಂಡಿರಾಕಿಲ್ಲ!" ರವಿಕೆಯನ್ನು ತೋಳು ಒಳಗೆ ಮಾಡಿ, ತ್ಯಾಪೆ ಕಾಣದಂತೆ ಮಡಿಸಿ, ಒಂಟಿಯಾಗಿ ಉಳಿದಿದ್ದ ಹೊಸ ಮರೂನ್ ಬಟ್ಟೆಯ ಜೊತೆ 'ಇತರೆ' ಎಂದು ಬರೆದ ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದ.

ಆ ವಾರವೆಲ್ಲ ಮಿಷನ್ನು ನಿಲ್ಲಲಿಲ್ಲ. ಅವರವರು ಎತ್ತಿಕೊಟ್ಟ ಅಳತೆಗೇ ಹೊಲಿದಳು. ಮಂಗಳಗೌರಿಗೊಂದು ಪದ್ಧತಿಯಿತ್ತು. ಯಾರಿಗೇ ಹೊಲಿಯಲಿ, ಪಕ್ಕದ ಹೊಲಿಗೆಯೊಳಗೆ ಎರಡು ಬೆರಳಷ್ಟು ಬಟ್ಟೆ ಮಡಚಿ ಬಿಡುತ್ತಿದ್ದಳು. ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು. ಲಕ್ಷ್ಮಿದೇವಿಯ ರವಿಕೆಗೆ ಬಂದಾಗ ಕತ್ತರಿ ಅಲ್ಲಿ ಸ್ವಲ್ಪ ನಿಂತಿತು. ಆಮೇಲೆ ಆ ಎರಡು ಬೆರಳನ್ನೂ ಕತ್ತರಿಸಿ ಎಸೆದಳು. ಈರಮ್ಮನದಕ್ಕೂ ಹಾಗೇ ಮಾಡಿದಳು. ಬಂದು ಒಯ್ದವರಿಗೆಲ್ಲ, "ಹಾಕಿ ನೋಡ್ತೀರಾ?" ಎಂದು ಕೇಳುವುದನ್ನು ಮಾತ್ರ ಮರೆಯಲಿಲ್ಲ. "ಬ್ಯಾಡ ಬುಡಕ್ಕ, ನಿನ್ ಕೈ ಗೊತ್ತಿಲ್ವಾ?" ಎಂದು ಎಲ್ಲರೂ ಆತುರಾತುರವಾಗಿ ಹೊರಟರು.

ನಾಗೇಂದ್ರ ಒಂದೇ ಒಂದು ಸಲ ಕೇಳಿದ, "ನಿಂದು?" ಎಂದು.

"ನಿಮ್ಮ ಕೆಲ್ಸ ನೀವ್ ನೋಡ್ಕಳಿ," ಎಂದಳು. ಅವನು ಕೋಣೆಯಲ್ಲಿದ್ದಷ್ಟು ಹೊತ್ತೂ ಅವಳು 'ಇತರೆ' ಡಬ್ಬದ ಕಡೆ ತಿರುಗಿಯೂ ನೋಡಲಿಲ್ಲ. ಅವನು ಈಚೆಗೆ ಕೋಣೆ ಬಿಟ್ಟು ಕದಲುತ್ತಲೂ ಇರಲಿಲ್ಲ. ಮುರಿದ ಬಳೆಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತ ಕೂತಿರುತ್ತಿದ್ದ.

ಗೌರಿ ಹಬ್ಬದ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದ ಹೊತ್ತು ನೋಡಿ ಡಬ್ಬ ತೆರೆದಳು. ತವರಿನ ಸೀರೆಯನ್ನು ಹಬ್ಬದ ದಿನ ಉಡದೆ ಇರುವಂತಿಲ್ಲ. ಅದರ ಮರೂನ್ ಅಂಚಿಗೆ ಒಪ್ಪುವ ರವಿಕೆ ಮನೆಯಲ್ಲಿ ಇನ್ನೊಂದಿರಲಿಲ್ಲ. ತ್ಯಾಪೆಯ ರವಿಕೆ ತೊಟ್ಟು, ಸೆರಗನ್ನು ಎರಡೂ ಭುಜಕ್ಕೆ ಎಳೆದು ಹೊದ್ದು, ಬಲಗೈಯನ್ನು ಪಕ್ಕೆಗೆ ಒತ್ತಿಕೊಂಡು ಕನ್ನಡಿ ನೋಡಿಕೊಂಡಳು. ಕೈ ಎತ್ತದಿದ್ದರೆ ಏನೂ ಕಾಣುತ್ತಿರಲಿಲ್ಲ.

ಬೀದಿ ಕೊನೆಯ ಗಣೇಶನ ಗುಡಿಯಲ್ಲಿ ಗೌರಮ್ಮನನ್ನು ಕೂರಿಸಿದ್ದರು. ಹೆಂಗಸರು ಬಾಗಿನದ ಮೊರ ಹಿಡಿದು ಕಿಕ್ಕಿರಿದು ನಿಂತಿದ್ದರು, ಎಲ್ಲರದೂ ಹೊಸ ರವಿಕೆ. ಲಕ್ಷ್ಮಿದೇವಿ ಉಸಿರನ್ನು ಮೇಲಕ್ಕೆ ಎಳೆದುಕೊಂಡು ಕಂಬದ ಹಾಗೆ ನಿಂತಿದ್ದಳು, ಮೊರವನ್ನು ಮೊಣಕೈಯಿಂದ ಕೆಳಗಷ್ಟೇ ಆಡಿಸುತ್ತಿದ್ದಳು. ಈರಮ್ಮನ ಮುಖ ಬೆವರಿತ್ತು. ಪ್ರಿಯಾಂಕ ಜಾರುವ ಭುಜವನ್ನು ಜಾರದಂತೆ ಎರಡೂ ತೋಳು ಬಿಗಿಹಿಡಿದಿದ್ದಳು. ಯಾರೂ ಮಂಗಳಗೌರಿಯನ್ನು ಏನೂ ಕೇಳಲಿಲ್ಲ. ಕೇಳುವುದಾದರೂ ಏನೆಂದು? ಅವಳಿಗೆ ಬಾಯಿತುಂಬ ನಗು ಬಂತು. ಹುಂ, ಪಡಿಪಾಟಲು ಪಡಿ ಎಂದುಕೊಂಡು ಒಬ್ಬೊಬ್ಬರನ್ನೇ ನೋಡುತ್ತ ಹೋದಳು.

ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ತಿರುಗಿದ. "ಬನ್ರವ್ವಾ, ಯಾರಾದ್ರೂ ಮುತ್ತೈದೇರು ಆರತಿ ಎತ್ತಿ."

ಯಾರೂ ಕದಲಲಿಲ್ಲ. ಲಕ್ಷ್ಮಿದೇವಿ ಈರಮ್ಮನ ಕಡೆ ನೋಡಿದಳು, ಈರಮ್ಮ ಪ್ರಿಯಾಂಕಳ ಕಡೆ, ಪ್ರಿಯಾಂಕ ನೆಲದ ಕಡೆ.

"ಇದೇನವ್ವಾ, ಗೌರಮ್ಮಂಗೆ ಆರತಿ ಎತ್ತಾಕೆ ಯಾರ್ಗೂ ಕೈ ಇಲ್ವಾ?" ಪೂಜಾರಿ ಕತ್ತು ಉದ್ದ ಮಾಡಿ ಗುಂಪಿನೊಳಗೆ ಹುಡುಕಿದ. "ಮಂಗಳಗೌರಮ್ಮಾ, ನೀವ್ ಬನ್ನಿ. ಹೆಸರೇ ಗೌರಿ. ಊರಿಗೆಲ್ಲಾ ರವಿಕೆ ಹೊಲ್ಕೊಟ್ಟೋರು ನೀವೇ. ಬನ್ನಿ, ಎತ್ತಿ."

ಹೆಂಗಸರೆಲ್ಲ ಒಟ್ಟಿಗೆ ತಿರುಗಿ ಅವಳಿಗೆ ದಾರಿ ಬಿಟ್ಟರು. ಗಂಡಸರ ಸಾಲಿನಿಂದ ನಾಗೇಂದ್ರ ಒಂದು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತ. ಪೂಜಾರಿ ತಟ್ಟೆಯನ್ನು ಅವಳ ಕಡೆ ಚಾಚಿದ. ಮಂಗಳಗೌರಿಯ ಬಲ ಮೊಣಕೈ ಪಕ್ಕೆಗೆ ಇನ್ನಷ್ಟು ಒತ್ತಿಕೊಂಡಿತು. ತಟ್ಟೆಯ ಮೇಲೆ ಕರ್ಪೂರ ಉರಿದು ಉರಿದು ಚಿಕ್ಕದಾಗುತ್ತಿತ್ತು.